ತಾಯಿಯೇ ಕೊಂದಳಾ? ಸಾಂದರ್ಭಿಕ ಸಾಕ್ಷ್ಯವನ್ನು ತೂಗಿ ನೋಡುವ ಬಗೆ

ಮಗು ತೀರಿಕೊಂಡ ಪ್ರಕರಣದಲ್ಲಿ ಹೆತ್ತ ತಾಯಿಗೇ ಶಿಕ್ಷೆ ಆಯಿತು ಅಂತ ಸುದ್ದಿ ಬಂದಾಗೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ. ಯಾರೂ ಕಣ್ಣಾರೆ ಕಂಡಿಲ್ಲ, ಮೈಮೇಲೆ ಗಾಯ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ. ಆದರೂ ಕೋರ್ಟು ಹೇಗೆ ಕೊಲೆ ಅಂದಿತು? ಎಷ್ಟೋ ವರ್ಷ ಬಿಟ್ಟು ಅದೇ ತಾಯಿ ಬಿಡುಗಡೆಯಾಗಿ ಹೊರಗೆ ಬಂದರೆ ಪ್ರಶ್ನೆ ತಿರುಗುತ್ತದೆ: ಹಾಗಾದರೆ ಅಂದು ಅಷ್ಟು ಜನ ನಂಬಿದ್ದು ಏನನ್ನು?

ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಆದರೆ ಇಂಥ ಪ್ರಕರಣವನ್ನು ನೀವೇ ಕೂತು ತೂಗಿ ನೋಡಲು ಒಂದು ಕ್ರಮ ಇದೆ. ಅದಕ್ಕೆ ವಕೀಲಿ ಓದಿರಬೇಕಿಲ್ಲ. ಸ್ವಲ್ಪ ತಾಳ್ಮೆ ಇದ್ದರೆ ಸಾಕು, ಮತ್ತೆ ಮೊದಲು ಅನ್ನಿಸಿದ್ದನ್ನು ಪಕ್ಕಕ್ಕಿಡುವ ಮನಸ್ಸು ಬೇಕು.

ಉದ್ದಕ್ಕೂ ಒಂದೇ ಪ್ರಕರಣವನ್ನು ಇಟ್ಟುಕೊಳ್ಳೋಣ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕ್ಯಾಥ್ಲೀನ್ ಫೋಲ್ಬಿಗ್ ಪ್ರಕರಣ. 1989ರಿಂದ 1999ರ ನಡುವೆ ಆಕೆಯ ನಾಲ್ಕು ಮಕ್ಕಳು ಒಂದಾದ ಮೇಲೊಂದು ತೀರಿಕೊಂಡವು. 2003ರ ಮೇ 21ರಂದು ಜ್ಯೂರಿ ಆಕೆಯನ್ನು ತಪ್ಪಿತಸ್ಥೆ ಎಂದಿತು. ಮೂರು ಕೊಲೆ, ಒಂದು ಕೊಲೆಯಲ್ಲದ ನರಹತ್ಯೆ. (ಜ್ಯೂರಿ ಅಂದರೆ ಸಾಮಾನ್ಯ ನಾಗರಿಕರ ತಂಡ. ಸಾಕ್ಷ್ಯ ಕೇಳಿ ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವವರು ಇವರು. ನಮ್ಮಲ್ಲಿ ಈ ಪದ್ಧತಿ ಈಗ ಇಲ್ಲ.) 40 ವರ್ಷ ಶಿಕ್ಷೆ ಆಯಿತು. 2005ರ ಅಪೀಲಿನಲ್ಲಿ ಅದು 30 ವರ್ಷಕ್ಕೆ ಇಳಿಯಿತು. 2023ರಲ್ಲಿ ಆಕೆ ಹೊರಗೆ ಬಂದಳು, ಅದೇ ವರ್ಷ ಎಲ್ಲ ತೀರ್ಪುಗಳೂ ರದ್ದಾದವು. ಅಂದರೆ ಒಂದೇ ಸಾಕ್ಷ್ಯರಾಶಿಯನ್ನು ಎರಡು ರೀತಿಯಲ್ಲಿ ತೂಗಿದ್ದು ಹೇಗೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಶುರು ಮಾಡುವ ಮೊದಲು ಏನೇನು ಬೇಕು

ತೀರ್ಪಿನ ಪೂರ್ಣ ಪಾಠ ಬೇಕು, ಪತ್ರಿಕೆಯ ವರದಿ ಸಾಲದು. ಅಪೀಲಿನ ತೀರ್ಪು ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಅದರಲ್ಲಿ ಎರಡೂ ಕಡೆಯ ವಾದ ಅಕ್ಕಪಕ್ಕ ಇರುತ್ತದೆ. ಮರಣೋತ್ತರ ಪರೀಕ್ಷೆಯ ಸಾರಾಂಶ ಬೇಕು. ಒಂದು ದೊಡ್ಡ ಹಾಳೆ, ಒಂದು ಪೆನ್ನು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ "ಕೊಂದಿದ್ದರೆ", ಬಲಕ್ಕೆ "ಕೊಂದಿಲ್ಲದಿದ್ದರೆ" ಅಂತ ಬರೆದಿಟ್ಟುಕೊಳ್ಳಿ. ಹಂತ 4ರಲ್ಲಿ ಕೆಲಸಕ್ಕೆ ಬರುತ್ತದೆ.

ಟೀವಿ ಚರ್ಚೆ, ನೆರೆಹೊರೆಯವರ ಬೈಟು, "ಅವಳ ಮುಖ ನೋಡಿದರೇ ಗೊತ್ತಾಗುತ್ತೆ" ಎಂಬ ಮಾತು, ಇವನ್ನೆಲ್ಲ ಸದ್ಯಕ್ಕೆ ದೂರ ಇಡಿ.

ಹಂತ 1: ಯಾವುದು ನೇರ ಸಾಕ್ಷ್ಯ, ಯಾವುದು ಸಾಂದರ್ಭಿಕ

ನೇರ ಸಾಕ್ಷ್ಯ ಅಂದರೆ "ನಾನು ನೋಡಿದೆ" ಅನ್ನುವಂಥದ್ದು. ಸಾಂದರ್ಭಿಕ ಸಾಕ್ಷ್ಯ ಹಾಗಲ್ಲ. ಒಂದು ಸಂಗತಿ ಸಾಬೀತಾಗುತ್ತದೆ, ಅದರಿಂದ ಇನ್ನೊಂದನ್ನು ನಾವು ಊಹಿಸುತ್ತೇವೆ. ಮಗು ಸತ್ತಾಗ ಮನೆಯಲ್ಲಿ ತಾಯಿ ಇದ್ದಳು, ಇದು ಸಂಗತಿ. ಹಾಗಾಗಿ ಅವಳೇ ಕೊಂದಿರಬೇಕು, ಇದು ಊಹೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಇಲ್ಲಿ ತುಂಬ ಜನ ಎಡವುತ್ತಾರೆ. "ಬರೀ ಸಾಂದರ್ಭಿಕ ಸಾಕ್ಷ್ಯ, ಅದಕ್ಕೇನು ಬೆಲೆ" ಅಂದುಬಿಡುತ್ತಾರೆ. ಅದು ತಪ್ಪು. ಕಣ್ಣಿಂದ ನೋಡಿದವರೂ ತಪ್ಪು ನೋಡಿರಬಹುದು, ಸುಳ್ಳು ಹೇಳಬಹುದು. ಗಟ್ಟಿಯಾದ ಸಾಂದರ್ಭಿಕ ಸಾಕ್ಷ್ಯದ ಮೇಲೆ ಸರಿಯಾಗಿ ಶಿಕ್ಷೆಯಾದ ಪ್ರಕರಣಗಳು ಬೇಕಾದಷ್ಟಿವೆ. ಊಹೆಗೆ ಎಷ್ಟು ಜಿಗಿತ ಬೇಕು ಅನ್ನುವುದನ್ನು ನೋಡಬೇಕು, ಅಷ್ಟೇ.

ಹಂತ 2: ಒಂದೊಂದು ಸಾವನ್ನೂ ಬೇರೆಯಾಗಿ ಬರೆಯಿರಿ

"ನಾಲ್ಕು ಮಕ್ಕಳು" ಅಂತ ಒಟ್ಟಿಗೆ ಹೇಳಿದ ತಕ್ಷಣ ಮನಸ್ಸು ತೀರ್ಮಾನಕ್ಕೆ ಬಂದುಬಿಡುತ್ತದೆ. ಅದಕ್ಕೇ ಬಿಡಿಬಿಡಿಯಾಗಿ ಬರೆಯಬೇಕು. ಫೋಲ್ಬಿಗ್ ಪ್ರಕರಣದಲ್ಲಿ ಹೀಗೆ ಬರುತ್ತದೆ.

ಕೇಲೆಬ್: 1989ರ ಫೆಬ್ರವರಿಯಲ್ಲಿ ಹುಟ್ಟಿ 19 ದಿನಕ್ಕೆ ತೀರಿಕೊಂಡ. ಗಂಟಲಿನ ಧ್ವನಿಪೆಟ್ಟಿಗೆ ಮೆತ್ತಗಿದ್ದು ಉಸಿರಾಡುವಾಗ ಸದ್ದು ಬರುತ್ತಿತ್ತು. ಕಾರಣ: ಸಿಡ್ಸ್.

ಪ್ಯಾಟ್ರಿಕ್: 1990ರ ಜೂನ್‌ನಲ್ಲಿ ಹುಟ್ಟಿದ. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಉಸಿರು ಕಟ್ಟುವಂತಾಗಿ ಬದುಕಿದ. ಆಮೇಲೆ ಫಿಟ್ಸ್ ಶುರುವಾಯಿತು, ಕಣ್ಣು ಕಾಣದಾಯಿತು. 1991ರ ಫೆಬ್ರವರಿಯಲ್ಲಿ, 8 ತಿಂಗಳಿಗೆ ತೀರಿಕೊಂಡ. ಫಿಟ್ಸ್‌ನಿಂದ ಉಸಿರುಕಟ್ಟಿದ್ದು ಎಂದು ಆಗ ದಾಖಲಾಯಿತು.

ಸಾರಾ: 1993ರ ಆಗಸ್ಟ್‌ನಲ್ಲಿ, 10 ತಿಂಗಳ ಮಗು. ಕಾರಣ: ಸಿಡ್ಸ್.

ಲಾರಾ: 1999ರ ಮಾರ್ಚ್ 1. ಒಂದೂವರೆ ವರ್ಷ ದಾಟಿತ್ತು. ಕೆಲ ದಿನಗಳಿಂದ ನೆಗಡಿ ಇತ್ತು. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್ ಕಂಡಿತು. ಆದರೂ ಕಾರಣ: "ನಿರ್ಧರಿಸಲಾಗಿಲ್ಲ".

ಸಿಡ್ಸ್ ಅನ್ನುವುದು ಒಂದು ಕಾಯಿಲೆಯ ಹೆಸರು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ. ಒಂದು ವರ್ಷದೊಳಗಿನ ಮಗು ನಿದ್ದೆಯಲ್ಲಿ ಹಠಾತ್ತನೆ ಸತ್ತು, ಎಲ್ಲ ಪರೀಕ್ಷೆ ಮಾಡಿದ ಮೇಲೂ ಕಾರಣ ಸಿಗದಿದ್ದರೆ ಹಾಕುವ ಚೀಟಿ ಅದು. ಇವತ್ತು ಸಿಗದ ಕಾರಣ ಇಪ್ಪತ್ತು ವರ್ಷದ ನಂತರ ಸಿಗಬಹುದು. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದು ಮಗುವಿಗೆ ಫಿಟ್ಸ್ ಇತ್ತು. ಒಂದಕ್ಕೆ ಹೃದಯದಲ್ಲಿ ಉರಿಯೂತ. ಒಂದಕ್ಕೆ ಉಸಿರಿನ ತೊಂದರೆ. "ಆರೋಗ್ಯವಾಗಿದ್ದ ನಾಲ್ಕು ಮಕ್ಕಳು" ಅನ್ನುವ ಮಾತು ಈ ಪಟ್ಟಿಯ ಮುಂದೆ ನಿಲ್ಲುತ್ತದಾ?

ಹಂತ 3: ಕೊಲೆ ನಡೆದಿದೆಯೇ ಎಂದು ಮೊದಲು ಕೇಳಿ

ಸಾಮಾನ್ಯ ಕೊಲೆ ಕೇಸಿನಲ್ಲಿ ಕೊಲೆ ಆಗಿರುವುದು ಖಚಿತ, ಯಾರು ಮಾಡಿದರು ಅನ್ನುವುದೇ ಪ್ರಶ್ನೆ. ಇಲ್ಲಿ ಹಾಗಿಲ್ಲ. ಕೊಲೆ ಅನ್ನುವುದೇ ಒಂದು ಊಹೆ. ನಾಲ್ಕು ಮಕ್ಕಳಲ್ಲಿ ಒಬ್ಬರ ದೇಹದಲ್ಲೂ ಉಸಿರುಗಟ್ಟಿಸಿದ ಗುರುತು ಸಿಕ್ಕಿರಲಿಲ್ಲ. ಆದರೆ ಮೆತ್ತನೆ ದಿಂಬಿನಿಂದ ಒತ್ತಿದರೆ ಗುರುತು ಉಳಿಯದೇ ಇರಬಹುದು, ಅದೂ ನಿಜ. ಹಾಗಾಗಿ "ಗುರುತಿಲ್ಲ" ಅನ್ನುವುದು ಯಾರ ಕಡೆಗೂ ಜಾಸ್ತಿ ವಾಲುವುದಿಲ್ಲ. ಗುರುತು ಬಿಡದ ಹಾಗೆ ಜಾಣತನದಿಂದ ಮಾಡಿದ್ದಾಳೆ ಅಂತ ಯಾರಾದರೂ ವಾದಿಸಿದರೆ ಎಚ್ಚರ. ಸಾಕ್ಷ್ಯ ಇಲ್ಲದಿರುವುದನ್ನೇ ಸಾಕ್ಷ್ಯ ಮಾಡುವ ಆಟ ಅದು.

ಹಂತ 4: ಎರಡು ಕಾಲಮ್ ಪರೀಕ್ಷೆ

ಈಗ ಹಾಳೆ ತೆಗೆಯಿರಿ. ಪ್ರತಿ ಸಂಗತಿಗೂ ಎರಡು ಪ್ರಶ್ನೆ. ಆಕೆ ಕೊಂದಿದ್ದರೆ ಇದು ಕಾಣಿಸುವ ಸಾಧ್ಯತೆ ಎಷ್ಟು? ಕೊಂದಿಲ್ಲದಿದ್ದರೆ ಇದೇ ಕಾಣಿಸುವ ಸಾಧ್ಯತೆ ಎಷ್ಟು? ಎರಡೂ ಹೆಚ್ಚು ಕಡಿಮೆ ಸಮ ಇದ್ದರೆ ಆ ಸಂಗತಿಗೆ ತೂಕ ಇಲ್ಲ, ಹೊಡೆದುಹಾಕಿ. ಎಷ್ಟೇ ಭಯಂಕರವಾಗಿ ಕೇಳಿಸಿದರೂ ಸರಿ.

"ನಾಲ್ಕೂ ಸಲ ಮಗು ಉಸಿರಾಡುತ್ತಿಲ್ಲ ಎಂದು ಮೊದಲು ಕಂಡವಳು ತಾಯಿಯೇ." ಪ್ರಾಸಿಕ್ಯೂಷನ್, ಅಂದರೆ ಸರ್ಕಾರದ ಪರ ವಾದಿಸುವವರು, ಇದಕ್ಕೆ ತುಂಬ ಒತ್ತು ಕೊಟ್ಟರು. ಎಡ ಕಾಲಮ್‌ನಲ್ಲಿ ಸರಿ, ಹೊಂದುತ್ತದೆ. ಬಲ ಕಾಲಮ್? ರಾತ್ರಿ ಎದ್ದು ಹಾಲು ಕೊಡುವವಳು ಅವಳು. ಹೊದಿಕೆ ಸರಿಮಾಡಲು ಹೋಗುವವಳು ಅವಳು. ಹಗಲು ಮನೆಯಲ್ಲಿ ಇರುವವಳೂ ಅವಳೇ. ಮಗು ತಾನಾಗಿ ಸತ್ತಿದ್ದರೂ ಮೊದಲು ಕಾಣುವುದು ಅವಳೇ ಅಲ್ವಾ? ನಮ್ಮ ಯಾವ ಮನೆಯಲ್ಲಾದರೂ ನೋಡಿ. ಈ ಸಾಲಿಗೆ ಬಹಳ ತೂಕ ಕೊಡುವಂತಿಲ್ಲ.

"ಮಗುವಿನ ಮೇಲೆ ಸಿಡುಕುತ್ತಿದ್ದಳು." ಸಿಡುಕುವ ತಾಯಂದಿರಲ್ಲಿ ಕೊಲ್ಲುವವರು ಎಷ್ಟು? ಈ ಸಾಲೂ ತೆಳು.

"ಸತ್ತ ಮೇಲೆ ಸರಿಯಾಗಿ ಅಳಲಿಲ್ಲ, ಬೇಗ ಚೇತರಿಸಿಕೊಂಡಳು." ಇದನ್ನು ನೇರವಾಗಿ ಹೊಡೆದುಹಾಕಿ. ದುಃಖಕ್ಕೆ ಒಂದೇ ಮುಖ ಇರುವುದಿಲ್ಲ. ಎದೆ ಬಡಿದುಕೊಂಡು ಅತ್ತಿದ್ದರೆ "ನಾಟಕ" ಅನ್ನುತ್ತಿದ್ದರು. ಆಸ್ಟ್ರೇಲಿಯಾದಲ್ಲೇ ಇದಕ್ಕೊಂದು ಹಳೆಯ ಪಾಠ ಇದೆ. 1980ರ ಆಗಸ್ಟ್ 17ರಂದು ಉಲೂರು ಬಂಡೆಯ ಬಳಿ ಡೇರೆ ಹಾಕಿದ್ದ ಲಿಂಡಿ ಚೇಂಬರ್‌ಲೇನ್ ತನ್ನ ಹಸುಗೂಸನ್ನು ಡಿಂಗೊ (ಅಲ್ಲಿನ ಕಾಡುನಾಯಿ) ಹೊತ್ತೊಯ್ಯಿತು ಎಂದಳು. ಟೀವಿಯಲ್ಲಿ ಆಕೆ ಗಟ್ಟಿ ಮುಖ ಇಟ್ಟುಕೊಂಡು ಮಾತಾಡಿದ್ದೇ ಜನರಿಗೆ ಅಪರಾಧದ ಗುರುತಾಯಿತು. 1982ರಲ್ಲಿ ಕೊಲೆ ಅಂತ ಶಿಕ್ಷೆ ಆಯಿತು. 1986ರಲ್ಲಿ ಮಗುವಿನ ಅಂಗಿ ಬಂಡೆಯ ಬಳಿ ಸಿಕ್ಕಿತು, ಬಿಡುಗಡೆಯಾಯಿತು. 1988ರಲ್ಲಿ ತೀರ್ಪು ರದ್ದಾಯಿತು. ಡಿಂಗೊ ಕಾರಣ ಎಂದು ಅಧಿಕೃತವಾಗಿ ದಾಖಲಾಗಿದ್ದು 2012ರಲ್ಲಿ. ಅಂದಹಾಗೆ, ಅವರ ಕಾರಿನಲ್ಲಿ ಮಗುವಿನ ರಕ್ತ ಸಿಕ್ಕಿತು ಅಂತ ಪ್ರಯೋಗಾಲಯದವರು ಹೇಳಿದ್ದರಲ್ಲ, ಅದರಲ್ಲಿ ಮುಖ್ಯವಾದ ಕಲೆ ಕಾರಿನ ಸದ್ದು ಕಡಿಮೆ ಮಾಡಲು ಕಂಪನಿಯಲ್ಲೇ ಬಳಿದ ರಾಸಾಯನಿಕ ಅಂತ ಆಮೇಲೆ ಗೊತ್ತಾಯಿತು.

ಹಂತ 5: ಸರಪಳಿಯೋ, ಹಗ್ಗವೋ?

ಕೆಲವು ಪ್ರಕರಣಗಳಲ್ಲಿ ವಾದ ಸರಪಳಿಯ ಹಾಗೆ ಇರುತ್ತದೆ. ಒಂದು ಕೊಂಡಿ ಕಳಚಿದರೆ ಇಡೀ ವಾದ ಬಿತ್ತು. ಇನ್ನು ಕೆಲವು ಹಗ್ಗದ ಹಾಗೆ. ಒಂದೊಂದು ಎಳೆ ತೆಳುವಾದರೂ ಹೊಸೆದಾಗ ಗಟ್ಟಿ. ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) 1990ರ ಶೆಫರ್ಡ್ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ವಿವರಿಸಿದೆ. ಸರಪಳಿಯಾದರೆ ತೀರ್ಮಾನಕ್ಕೆ ಬೇಕೇಬೇಕಾದ ಪ್ರತಿ ಕೊಂಡಿಯೂ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಹಗ್ಗವಾದರೆ ಒಟ್ಟಾರೆ ಬಲ ನೋಡಬೇಕು.

ಫೋಲ್ಬಿಗ್ ವಿರುದ್ಧದ್ದು ಹಗ್ಗ. ನಾಲ್ಕು ಸಾವು ಒಂದಕ್ಕೊಂದು ಬಲ ಕೊಡುತ್ತಿದ್ದವು. ಇಲ್ಲಿ ಒಂದು ಅಪಾಯ ಇದೆ. ಎಳೆಗಳು ಒಂದನ್ನೊಂದು ಆಧರಿಸಿದ್ದರೆ ಅದು ನಾಲ್ಕು ಎಳೆಯ ಹಗ್ಗ ಅಲ್ಲ, ಒಂದೇ ಎಳೆಯನ್ನು ನಾಲ್ಕು ಸುತ್ತು ಸುತ್ತಿದ್ದು. ಇದು ಮುಂದಿನ ಹಂತಕ್ಕೆ ಒಯ್ಯುತ್ತದೆ, ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಅಲ್ಲೇ ಇದೆ.

ಹಂತ 6: ಒಂದೇ ಅನುಮಾನವನ್ನು ಎರಡು ಸಲ ಎಣಿಸಿದ್ದಾರಾ ನೋಡಿ

ಲಾರಾಳ ವರದಿಗೆ ವಾಪಸ್ ಬನ್ನಿ. ಹೃದಯದಲ್ಲಿ ಉರಿಯೂತ ಇತ್ತು. ಮಯೋಕಾರ್ಡೈಟಿಸ್ ಮಕ್ಕಳ ಪ್ರಾಣ ತೆಗೆಯಬಲ್ಲ ಕಾಯಿಲೆ. ಆದರೂ ಪರೀಕ್ಷೆ ಮಾಡಿದ ವೈದ್ಯರು ಕಾರಣ ನಿರ್ಧರಿಸಲಾಗಿಲ್ಲ ಎಂದು ಬರೆದರು. ಯಾಕೆ? ಈ ಮಗುವಿನ ಮೊದಲು ಅದೇ ಮನೆಯಲ್ಲಿ ಮೂರು ಮಕ್ಕಳು ಹೋಗಿವೆ ಎಂಬುದು ಅವರಿಗೆ ಗೊತ್ತಿತ್ತು. ಲಾರಾಳ ಸಾವನ್ನು ಮಾತ್ರ ನೋಡಿದ್ದರೆ ಮಯೋಕಾರ್ಡೈಟಿಸ್ ಅಂತ ಬರೆದಿರಬಹುದಿತ್ತು ಎಂದು ಅವರೇ ಒಪ್ಪಿದ್ದರು.

ಈಗ ಏನಾಯಿತು ನೋಡಿ. ಹಿಂದಿನ ಮೂರು ಸಾವುಗಳ ಕಾರಣಕ್ಕೆ ನಾಲ್ಕನೆಯದು "ಕಾರಣ ಗೊತ್ತಿಲ್ಲ" ಆಯಿತು. ಆಮೇಲೆ ನಾಲ್ಕನೆಯದೂ ಕಾರಣ ಗೊತ್ತಿಲ್ಲ ಎಂಬುದನ್ನು ತೋರಿಸಿ, ಹಿಂದಿನ ಮೂರನ್ನೂ ಮತ್ತೆ ಅನುಮಾನದಿಂದ ನೋಡಲಾಯಿತು. ಅನುಮಾನ ಒಂದು ಸುತ್ತು ಹೊಡೆದು ಬಂದು ಎರಡನೇ ಸಲ ಸಾಕ್ಷ್ಯದ ವೇಷ ಹಾಕಿತು. ಪ್ಯಾಟ್ರಿಕ್‌ಗೆ ಆಗಿದ್ದೂ ಅದೇ. ಸತ್ತಾಗ ಫಿಟ್ಸ್ ಅಂತ ಕಾರಣ ಬರೆದಿತ್ತು. ಲಾರಾ ಸತ್ತ ಮೇಲೆ ಅದನ್ನು ತೆರೆದು, ಮೊದಲ ಸಲದ ಉಸಿರುಕಟ್ಟುವಿಕೆಯೂ ತಾಯಿಯದೇ ಕೈವಾಡ ಎಂದು ಆರೋಪ ಹೊರಿಸಲಾಯಿತು.

ನೀವು ಯಾವುದೇ ಪ್ರಕರಣ ಓದುವಾಗ ಪ್ರತಿ ತಜ್ಞರ ಮಾತಿನ ಪಕ್ಕ ಒಂದು ಟಿಪ್ಪಣಿ ಹಾಕಿ: ಇದನ್ನು ಹೇಳುವ ಮೊದಲು ಇವರಿಗೆ ಏನೇನು ಗೊತ್ತಿತ್ತು? ದೇಹವೇ ಹೇಳಿದ್ದಾ, ಕಡತ ಹೇಳಿಸಿದ್ದಾ?

ಜ್ಯೂರಿ ಸದಸ್ಯರ ವಿಷಯದಲ್ಲೂ ಇದೇ ಪ್ರಶ್ನೆ. ಫೋಲ್ಬಿಗ್‌ಳ ತಂದೆ ಅವಳ ತಾಯಿಯನ್ನು 1969ರಲ್ಲಿ ಇರಿದು ಕೊಂದಿದ್ದ. ಇದನ್ನು ಜ್ಯೂರಿಗೆ ಹೇಳಿರಲಿಲ್ಲ, ಹೇಳಬಾರದಿತ್ತು ಕೂಡ. ಆದರೆ ಒಬ್ಬ ಸದಸ್ಯರು ಇಂಟರ್ನೆಟ್‌ನಲ್ಲಿ ಹುಡುಕಿ ತಿಳಿದುಕೊಂಡು ಉಳಿದವರಿಗೂ ಹೇಳಿದರು. 2007ರಲ್ಲಿ ಅಪೀಲು ಕೋರ್ಟು ಇದರಿಂದ ಅನ್ಯಾಯ ಆಗಿಲ್ಲ ಎಂದಿತು. ನನಗೆ ಆ ಮಾತು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ.

ಹಂತ 7: "ಕಾಕತಾಳೀಯ ಆಗಲು ಸಾಧ್ಯವೇ ಇಲ್ಲ" ಎಂಬ ಲೆಕ್ಕ

ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಗಂಡುಮಕ್ಕಳು 1996 ಮತ್ತು 1998ರಲ್ಲಿ ತೀರಿಕೊಂಡರು. ಮಕ್ಕಳ ವೈದ್ಯ ರಾಯ್ ಮೆಡೋ ಕೋರ್ಟಿನಲ್ಲಿ ಒಂದು ಸಂಖ್ಯೆ ಹೇಳಿದರು. ಅಂಥ ಕುಟುಂಬದಲ್ಲಿ ಒಂದು ಸಿಡ್ಸ್ ಸಾವಿನ ಸಾಧ್ಯತೆ 8543ರಲ್ಲಿ ಒಂದು. ಎರಡಾಗಬೇಕಾದರೆ 8543 ಗುಣಿಸು 8543, ಅಂದರೆ ಸುಮಾರು 7.3 ಕೋಟಿಯಲ್ಲಿ ಒಂದು. ಕೇಳಿದವರು ಬೆಚ್ಚಿಬಿದ್ದರು. 1999ರ ನವೆಂಬರ್‌ನಲ್ಲಿ ಆಕೆಗೆ ಶಿಕ್ಷೆ ಆಯಿತು.

ಈ ಲೆಕ್ಕದಲ್ಲಿ ಎರಡು ದೋಷ ಇವೆ. ಎರಡನ್ನೂ ನೀವು ಬೇರೆ ಪ್ರಕರಣಗಳಲ್ಲಿ ಹುಡುಕಬಹುದು.

ಒಂದು, ಗುಣಿಸಬೇಕಾದರೆ ಎರಡು ಘಟನೆಗಳಿಗೆ ಸಂಬಂಧ ಇರಬಾರದು. ಆದರೆ ಒಡಹುಟ್ಟಿದವರಿಗೆ ಒಂದೇ ಅಪ್ಪ ಅಮ್ಮ, ಒಂದೇ ಮನೆ, ಒಂದೇ ರಕ್ತ. ಮೊದಲ ಮಗುವಿಗೆ ಕಾಣದ ದೋಷ ಇದ್ದರೆ ಎರಡನೆಯದಕ್ಕೂ ಇರುವ ಸಾಧ್ಯತೆ ಸಾಮಾನ್ಯ ಮಕ್ಕಳಿಗಿಂತ ಜಾಸ್ತಿ.

ಎರಡು, ಇದು ಇನ್ನೂ ಮುಖ್ಯ. 7.3 ಕೋಟಿಯಲ್ಲಿ ಒಂದು ಅಂದರೆ ಆಕೆ ನಿರಪರಾಧಿ ಆಗಿರುವ ಸಾಧ್ಯತೆ ಅಷ್ಟು ಎಂದಲ್ಲ. ಹೆತ್ತ ಎರಡು ಮಕ್ಕಳನ್ನು ತಾಯಿ ಕೊಲ್ಲುವುದೂ ಅಷ್ಟೇ ಅಪರೂಪ, ಬಹುಶಃ ಇನ್ನೂ ಅಪರೂಪ. ಎರಡು ಅಪರೂಪಗಳಲ್ಲಿ ಯಾವುದು ಆಗಿದೆ ಎಂದು ಹೋಲಿಸಬೇಕೇ ಹೊರತು ಒಂದನ್ನು ಮಾತ್ರ ತೋರಿಸಿ ಹೆದರಿಸಬಾರದು. ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿಯೇ ಈ ಲೆಕ್ಕವನ್ನು ಟೀಕಿಸಿತು. ಎರಡನೇ ಮಗುವಿನ ದೇಹದಲ್ಲಿ ಸೋಂಕಿನ ಬ್ಯಾಕ್ಟೀರಿಯಾ ಇತ್ತು ಎಂಬ ಪ್ರಯೋಗಾಲಯದ ವರದಿಯನ್ನು ಮರಣೋತ್ತರ ಪರೀಕ್ಷೆ ಮಾಡಿದವರು ಮುಂದಿಟ್ಟಿರಲೇ ಇಲ್ಲ ಎಂಬುದೂ ಹೊರಬಂತು. 2003ರ ಜನವರಿಯಲ್ಲಿ ಆಕೆ ಬಿಡುಗಡೆಯಾದಳು. 2007ರಲ್ಲಿ ತೀರಿಕೊಂಡಳು.

ಫೋಲ್ಬಿಗ್ ವಿಚಾರಣೆಯಲ್ಲೂ ಇದೇ ವಾದ ಬೇರೆ ಮಾತಿನಲ್ಲಿ ಬಂತು. ಒಂದೇ ಕುಟುಂಬದಲ್ಲಿ ಇಷ್ಟು ಮಕ್ಕಳು ಸಹಜವಾಗಿ ಸತ್ತದ್ದು ತಮಗೆ ಗೊತ್ತಿಲ್ಲ ಎಂದು ವೈದ್ಯರು ಸಾಕ್ಷಿ ಹೇಳಿದರು. ಪ್ರಾಸಿಕ್ಯೂಟರ್ ತಮ್ಮ ಕೊನೆಯ ವಾದದಲ್ಲಿ ರೆಕ್ಕೆ ಮೂಡಿದ ಹಂದಿಮರಿಗಳು ಹಾರಿಹೋಗುವ ಚಿತ್ರ ಕೊಟ್ಟರು. ಅದೂ ಅಸಾಧ್ಯ ಅಂತ ಸಾಬೀತು ಮಾಡಲಾಗದು, ಆದರೆ ನಂಬುತ್ತೀರಾ ಎಂಬ ಅರ್ಥದಲ್ಲಿ. ಕೇಳಲು ಚೆನ್ನಾಗಿದೆ. ಆದರೆ "ನನಗೆ ಗೊತ್ತಿಲ್ಲ" ಎಂಬುದು "ಆಗುವುದೇ ಇಲ್ಲ" ಎಂಬುದಕ್ಕೆ ಸಮ ಅಲ್ಲ.

ಹಂತ 8: ಡೈರಿ, ಪತ್ರ, ಮೆಸೇಜು ಓದುವಾಗ

ಫೋಲ್ಬಿಗ್‌ಳನ್ನು ಮುಳುಗಿಸಿದ್ದು ಮುಖ್ಯವಾಗಿ ಅವಳ ಡೈರಿ. ಗಂಡನಿಗೆ ಸಿಕ್ಕಿತು, ಪೊಲೀಸರಿಗೆ ಕೊಟ್ಟ. 1998ರ ಜನವರಿಯ ಒಂದು ಪುಟದಲ್ಲಿ, ಲಾರಾ ಇನ್ನೂ ಕೈಗೂಸಾಗಿದ್ದಾಗ, ಆಕೆ ಹೀಗೆ ಬರೆದಿದ್ದಾಳೆ: ತಾನು ಭೂಮಿ ಮೇಲಿನ ಅತಿ ಕೆಟ್ಟ ತಾಯಿ ಅನ್ನಿಸುತ್ತಿದೆ, ಸಾರಾಳ ಹಾಗೆ ಇವಳೂ ತನ್ನನ್ನು ಬಿಟ್ಟುಹೋಗುತ್ತಾಳೆ ಎಂದು ಭಯ, ಸಾರಾಳ ಮೇಲೆ ಸಿಡುಕುತ್ತಿದ್ದೆ, ಕೆಲವೊಮ್ಮೆ ಕಠೋರವಾಗಿದ್ದೆ, ಅವಳು ಹೊರಟುಹೋದಳು, ಸ್ವಲ್ಪ ಸಹಾಯದೊಂದಿಗೆ.

ಆ ಕೊನೆಯ ತುಂಡು ಓದಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಅದಕ್ಕೇ ಇಲ್ಲಿ ನಿಧಾನ ಮಾಡಿ.

ಮೊದಲು ಇಡೀ ಪುಟ ಓದಿ, ಆಮೇಲೆ ಹಿಂದಿನ ಮುಂದಿನ ಪುಟ. ಬಿಡಿ ಸಾಲನ್ನು ಕತ್ತರಿಸಿ ದಪ್ಪಕ್ಷರದಲ್ಲಿ ಹಾಕಿದರೆ ಯಾರ ಡೈರಿಯೂ ತಪ್ಪೊಪ್ಪಿಗೆಯೇ. ಆಮೇಲೆ ಎರಡು ಕಾಲಮ್ ಪರೀಕ್ಷೆ ಮಾಡಿ. ಮೂರು ಮಕ್ಕಳನ್ನು ಕಳೆದುಕೊಂಡು ನಾಲ್ಕನೆಯದನ್ನು ಸಾಕುತ್ತಿರುವ ತಾಯಿ "ನನ್ನಿಂದಲೇ ಆಯಿತು" ಎಂದು ಬರೆಯುವುದು ಎಷ್ಟು ಸಹಜ? ಮಗು ಕಳೆದುಕೊಂಡ ಯಾರನ್ನಾದರೂ ಹತ್ತಿರದಿಂದ ಬಲ್ಲವರಿಗೆ ಉತ್ತರ ಗೊತ್ತು. ಆ ದಿನ ಹೊರಗೆ ಕರೆದೊಯ್ಯಬಾರದಿತ್ತು, ಆ ರಾತ್ರಿ ಎಚ್ಚರ ಇರಬೇಕಿತ್ತು ಅಂತ ವರ್ಷಗಟ್ಟಲೆ ಹೇಳಿಕೊಳ್ಳುತ್ತಾರೆ. ಫೋಲ್ಬಿಗ್ ತಾನೇ ಕೊಟ್ಟ ವಿವರಣೆ, ಆ "ಸಹಾಯ" ದೇವರದ್ದೋ ಯಾವುದೋ ಮೇಲಿನ ಶಕ್ತಿಯದ್ದೋ ಎಂದು. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ "ನಾನು ಕೊಂದೆ" ಎಂದು ಡೈರಿಯಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

2003ರಲ್ಲಿ ಈ ಬರಹವನ್ನು ಹೇಗೆ ಓದಬೇಕು ಎಂದು ಹೇಳಲು ಮನೋವೈದ್ಯರನ್ನಾಗಲಿ ಮನಶ್ಶಾಸ್ತ್ರಜ್ಞರನ್ನಾಗಲಿ ಜ್ಯೂರಿಯ ಮುಂದೆ ಕರೆದಿರಲಿಲ್ಲ. ಈ ತೀರ್ಪು ಸರಿಯೇ ಎಂದು ಮತ್ತೆ ನೋಡಲು ಆಮೇಲೆ ಎರಡು ವಿಚಾರಣಾ ಆಯೋಗ ನಡೆದವು, ಅದರಲ್ಲಿ ಎರಡನೆಯದು ಕರೆಯಿತು. ಅವರೆಲ್ಲರ ಮಾತು ಕೇಳಿದ ಮೇಲೆ ಆಯೋಗ ಕಂಡದ್ದು ದುಃಖದಲ್ಲಿ, ಬಹುಶಃ ಖಿನ್ನತೆಯಲ್ಲಿ ಇದ್ದು ಪ್ರತಿ ಸಾವಿಗೂ ತನ್ನನ್ನೇ ದೂರಿಕೊಂಡ ತಾಯಿಯನ್ನು.

ಈಗಿನ ಕಾಲದಲ್ಲಿ ಡೈರಿಯ ಜಾಗದಲ್ಲಿ ವಾಟ್ಸ್ಆ್ಯಪ್ ಮೆಸೇಜು, ಗೂಗಲ್‌ನಲ್ಲಿ ಹುಡುಕಿದ ಪದಗಳು ಬರುತ್ತವೆ. ವಿಧಾನ ಅದೇ. "ಉಸಿರುಗಟ್ಟುವುದು ಹೇಗೆ" ಅಂತ ಹುಡುಕಿದ್ದರೆ, ಮೊದಲು ದಿನಾಂಕ ನೋಡಿ. ಸಾವಿನ ಮುಂಚೆಯೋ ನಂತರವೋ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಹಂತ 9: ತಜ್ಞರು ಒಬ್ಬರ ಮಾತು ಒಬ್ಬರು ಒಪ್ಪದಿದ್ದರೆ

2018ರಲ್ಲಿ ಕ್ಯಾನ್ಬೆರಾದಲ್ಲಿ ರೋಗನಿರೋಧಕ ವಿಜ್ಞಾನಿ ಕರೋಲಾ ವಿನುಯೆಸಾ ಮತ್ತು ಸಂಗಡಿಗರು ಫೋಲ್ಬಿಗ್‌ಳ ಡಿಎನ್ಎ ಓದಿದರು. ಕಾಲ್ಮ್2 ಎಂಬ ಜೀನಿನಲ್ಲಿ ಒಂದು ಅಕ್ಷರದ ಬದಲಾವಣೆ ಸಿಕ್ಕಿತು. ಈ ಜೀನು ಕಾಲ್ಮೊಡ್ಯುಲಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಹೃದಯದ ಬಡಿತಕ್ಕೆ ಬೇಕಾದ ಕ್ಯಾಲ್ಸಿಯಂನ ಏರಿಳಿತವನ್ನು ಹಿಡಿತದಲ್ಲಿಡುವುದು ಇದೇ. ಇದು ಕೆಟ್ಟರೆ ಬಡಿತ ತಪ್ಪಿ ಹಠಾತ್ ಸಾವು ಬರಬಹುದು. ಅದೇ ಬದಲಾವಣೆ ಸಾರಾ, ಲಾರಾ ಇಬ್ಬರಲ್ಲೂ ಇತ್ತು. ಗಂಡುಮಕ್ಕಳಿಬ್ಬರಲ್ಲಿ ಬೇರೆ ಜೀನಿನ ಅಪರೂಪದ ಬದಲಾವಣೆಗಳು ಕಂಡವು. ಆ ಜೀನು ಕೆಟ್ಟ ಇಲಿಗಳು ಎಳೆಯ ವಯಸ್ಸಿನಲ್ಲೇ ಫಿಟ್ಸ್ ಬಂದು ಸಾಯುತ್ತವೆ.

ಆದರೂ 2019ರ ಮೊದಲ ಆಯೋಗ ತೀರ್ಪಿನ ಬಗ್ಗೆ ಸಂಶಯ ಇಲ್ಲ ಎಂದಿತು. ಒಂದು ತಂಡ ಈ ಬದಲಾವಣೆ ಹಾನಿಕಾರಕ ಆಗಿರುವ ಸಾಧ್ಯತೆ ಹೆಚ್ಚು ಎಂದಿತ್ತು. ಇನ್ನೊಂದು ತಂಡ ಏನೂ ಹೇಳಲಾಗದು ಎಂದಿತ್ತು. ಆಯೋಗ ಡೈರಿಯ ಕಡೆ ವಾಲಿತು. 2020ರಲ್ಲಿ ಡೆನ್ಮಾರ್ಕ್, ಇಟಲಿಯ ವಿಜ್ಞಾನಿಗಳೂ ಸೇರಿ ಪ್ರಯೋಗಾಲಯದಲ್ಲಿ ಆ ಪ್ರೋಟೀನನ್ನೇ ತಯಾರಿಸಿ, ಅದು ನಿಜಕ್ಕೂ ಕೆಲಸ ಕೆಡಿಸುತ್ತದೆ ಎಂದು ತೋರಿಸಿದರು. 2021ರ ಮಾರ್ಚ್‌ನಲ್ಲಿ 90 ವಿಜ್ಞಾನಿಗಳು, ವೈದ್ಯರು ಕ್ಷಮಾದಾನ ಕೇಳಿ ರಾಜ್ಯದ ಗವರ್ನರ್‌ಗೆ ಅರ್ಜಿ ಕೊಟ್ಟರು. ಅದರಲ್ಲಿ ನೊಬೆಲ್ ಪಡೆದ ಪೀಟರ್ ಡೊಹರ್ಟಿ, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಕೂಡ ಇದ್ದರು.

ಇಲ್ಲಿ ನಿಮ್ಮ ಕೆಲಸ ಯಾವ ತಜ್ಞರು ದೊಡ್ಡವರು ಎಂದು ನೋಡುವುದಲ್ಲ. ಕೇಳಬೇಕಾದ್ದು ಇಷ್ಟು: ಈ ಸಾವು ಸಹಜ ಇರಬಹುದು ಅನ್ನಲು ಬಲವಾದ ಕಾರಣ ಇದೆಯಾ? ಇದ್ದರೆ ಅದನ್ನು ತಳ್ಳಿಹಾಕುವ ಹೊಣೆ ಪ್ರಾಸಿಕ್ಯೂಷನ್‌ದು. ಆರೋಪಿ "ಇದೇ ಕಾರಣ" ಅಂತ ಸಾಬೀತು ಮಾಡಬೇಕಿಲ್ಲ. ಇಂಗ್ಲೆಂಡಿನ ಅಪೀಲು ಕೋರ್ಟು ಏಂಜೆಲಾ ಕ್ಯಾನಿಂಗ್ಸ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಆಕೆಯ ಮೂರು ಮಕ್ಕಳು ಸತ್ತಿದ್ದವು, ಎರಡು ಕೊಲೆಗೆ ಶಿಕ್ಷೆ ಆಗಿತ್ತು, 2003ರ ಡಿಸೆಂಬರ್‌ನಲ್ಲಿ ರದ್ದಾಯಿತು. ಮಾನ್ಯ ತಜ್ಞರ ನಡುವೆಯೇ ಗಂಭೀರ ಭಿನ್ನಾಭಿಪ್ರಾಯ ಇದ್ದು, ಬೇರೆ ಗಟ್ಟಿ ಸಾಕ್ಷ್ಯ ಇಲ್ಲದಿದ್ದರೆ ಅಂಥ ಕೇಸು ನಡೆಸುವುದೇ ಸರಿಯಲ್ಲ ಎಂಬುದು ಆ ತೀರ್ಪಿನ ತಿರುಳು.

ಹಂತ 10: ಒಂದು ಎಳೆ ತೆಗೆದು ಮತ್ತೆ ತೂಗಿ

ಒಂದು ಸಾವಿಗೆ ಸಹಜ ಕಾರಣ ಇರಬಹುದು ಅನ್ನಿಸಿದರೆ ಅಲ್ಲಿಗೆ ನಿಲ್ಲಬೇಡಿ. ಉಳಿದವನ್ನೂ ಮತ್ತೆ ತೂಗಿ. ಮಾಜಿ ಮುಖ್ಯ ನ್ಯಾಯಮೂರ್ತಿ ಥಾಮಸ್ ಬ್ಯಾಥರ್ಸ್ಟ್ ನಡೆಸಿದ ಎರಡನೇ ಆಯೋಗ ಮಾಡಿದ್ದು ಇದನ್ನೇ. ಸಾರಾ, ಲಾರಾ ಜೀನ್ ದೋಷದಿಂದ ಸತ್ತಿರುವ ಸಾಧ್ಯತೆ ಇದೆ. ಲಾರಾಳ ವಿಷಯದಲ್ಲಿ ಮಯೋಕಾರ್ಡೈಟಿಸ್ ಕೂಡ ಕಾರಣ ಆಗಿರಬಹುದು. ಪ್ಯಾಟ್ರಿಕ್‌ಗೆ ನರಸಂಬಂಧಿ ಕಾಯಿಲೆ ಇದ್ದಿರಬಹುದು. ಇನ್ನು ಉಳಿದದ್ದು 19 ದಿನದ ಕೇಲೆಬ್. ಅವನ ಸಾವಿಗೆ ಹೊಸ ಕಾರಣ ಏನೂ ಸಿಗಲಿಲ್ಲ. ಆದರೆ ಅವನನ್ನು ತಾಯಿ ಕೊಂದಳು ಎನ್ನಲು ಇದ್ದ ಆಧಾರ "ಉಳಿದ ಮೂವರನ್ನೂ ಕೊಂದಿದ್ದಾಳೆ" ಎಂಬುದು. ಆ ಮೂರು ಹೋದ ಮೇಲೆ ಕೇಲೆಬ್‌ನ ವಿಷಯದಲ್ಲಿ ಕೈಯಲ್ಲಿ ಏನು ಉಳಿಯಿತು?

ನಮ್ಮ ಕೋರ್ಟುಗಳ ಪ್ರಕರಣಕ್ಕೆ ಇದನ್ನು ಬಳಸುವುದಾದರೆ

ಸುಪ್ರೀಂ ಕೋರ್ಟಿನ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು ಹುಡುಕಿ ಓದಿ. ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ನಿಯಮ ಅದರಲ್ಲಿವೆ, ವಕೀಲರು ಪಂಚಶೀಲ ಅನ್ನುತ್ತಾರೆ. ಸಂಗತಿಗಳು ಪೂರ್ತಿ ಸಾಬೀತಾಗಬೇಕು, ಅವು ಆರೋಪಿಯ ತಪ್ಪಿಗೆ ಮಾತ್ರ ಹೊಂದಬೇಕು, ಬೇರೆ ಪ್ರತಿ ಸಾಧ್ಯತೆಯೂ ಹೊರಗೆ ಹೋಗಬೇಕು, ಹೀಗೆ. "ಆಗಿರಬಹುದು" ಸಾಲದು, "ಆಗಿರಲೇಬೇಕು" ಎಂಬ ಮಟ್ಟಕ್ಕೆ ಬರಬೇಕು.

ನಮ್ಮಲ್ಲಿ ಒಂದು ಹೆಚ್ಚುವರಿ ಗುಂಡಿ ಇದೆ. ಮನೆಯೊಳಗೆ ಸಾವಾದರೆ "ಒಳಗಿದ್ದವರೇ ವಿವರಣೆ ಕೊಡಲಿ" ಎಂಬ ಕಲಮು. ಹಳೆಯ ಸಾಕ್ಷ್ಯ ಕಾಯ್ದೆಯ 106, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 109. ಸುದ್ದಿಯಲ್ಲಿ ಇದು "ಅವಳೇ ನಿರಪರಾಧಿ ಅಂತ ಸಾಬೀತು ಮಾಡಬೇಕು" ಎಂಬಂತೆ ಬರುತ್ತದೆ. ಹಾಗಲ್ಲ. 1956ರ ಶಂಭುನಾಥ್ ಮೆಹ್ರಾ ಪ್ರಕರಣದಿಂದಲೂ ಸುಪ್ರೀಂ ಕೋರ್ಟು ಹೇಳುತ್ತಲೇ ಇದೆ, ಮೂಲ ಹೊಣೆ ಪ್ರಾಸಿಕ್ಯೂಷನ್‌ದೇ. ಮಗು ಯಾಕೆ ಸತ್ತಿತು ಎಂಬುದು ವೈದ್ಯರಿಗೇ ಗೊತ್ತಾಗದಿದ್ದಾಗ ತಾಯಿಗೆ ಗೊತ್ತಿರಲೇಬೇಕು ಎನ್ನುವುದು ಈ ಕಲಮಿನ ಅರ್ಥ ಆಗಲಾರದು.

ಕೊನೆಯ ಹಂತ: ಫಲಿತಾಂಶದ ಪದಗಳನ್ನು ಬೆರೆಸಬೇಡಿ

2023ರ ಜೂನ್ 5ರಂದು ಫೋಲ್ಬಿಗ್‌ಗೆ ಸಿಕ್ಕಿದ್ದು ಕ್ಷಮಾದಾನ. ಅಂದರೆ ಶಿಕ್ಷೆಯಿಂದ ಬಿಡುಗಡೆ. ತಪ್ಪಿತಸ್ಥೆ ಎಂಬ ತೀರ್ಪು ಕಡತದಲ್ಲಿ ಹಾಗೇ ಇತ್ತು. ಅದನ್ನು ಅಳಿಸಲು ಕೋರ್ಟಿಗೇ ಹೋಗಬೇಕು. ಅಪೀಲು ಕೋರ್ಟು ಎಲ್ಲ ತೀರ್ಪುಗಳನ್ನು ರದ್ದು ಮಾಡಿದ್ದು ಡಿಸೆಂಬರ್ 14ರಂದು. ಈ ಎರಡು ದಿನಾಂಕದ ನಡುವೆ ಬಂದ ಎಷ್ಟೋ ಸುದ್ದಿಗಳು "ನಿರ್ದೋಷಿ ಎಂದು ಕೋರ್ಟು ಹೇಳಿದೆ" ಎಂದೇ ಬರೆದವು, ಆಗ ಅದು ನಿಜ ಆಗಿರಲಿಲ್ಲ.

ಪರಿಹಾರ ಮೂರನೇ ವಿಷಯ. ನ್ಯೂ ಸೌತ್ ವೇಲ್ಸ್‌ನಲ್ಲಿ ತೀರ್ಪು ರದ್ದಾದ ಮಾತ್ರಕ್ಕೆ ಅದು ತಾನಾಗಿ ಕೈಗೆ ಬರುವುದಿಲ್ಲ, ಕೇಳಬೇಕು, ಕಾಯಬೇಕು. 2025ರಲ್ಲಿ ಸರ್ಕಾರ 20 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಲು ಮುಂದೆ ಬಂತು. ತಪ್ಪು ಒಪ್ಪಿಕೊಳ್ಳದೆ ತಾನಾಗಿ ಕೊಡುವ ಹಣ ಅದು. ಜೈಲಿನಲ್ಲಿ ಕಳೆದ 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದು ಲಕ್ಷ ಡಾಲರ್. ಆಕೆಯ ವಕೀಲೆ ಅದನ್ನು ಅವಮಾನ ಎಂದರು.